ಪಂಡಿತಾ ರಮಾಬಾಯಿ: ಪಟ್ಟ ಹಸಿವನ್ನು ಮರೆಯದಾಕೆ

ಕಷ್ಟವನ್ನು ಅನುಭವಿಸಿದವರು ಲೋಕದಲ್ಲಿ ಅನೇಕರಿದ್ದಾರೆ. ಆದರೆ ಕಷ್ಟವು ತೀರಿದ ಮೇಲೆ ಅದನ್ನು ಜ್ಞಾಪಕದಲ್ಲಿಟ್ಟು ನಡೆಯುವವರು ಕೆಲವರೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಗಾದೆಯು ನಮ್ಮ ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹೊಳೆ ದಾಟಿದ ಮೇಲೂ ಆಚೆಯ ದಡದಲ್ಲಿ ಉಳಿದವರನ್ನು ಮರೆಯದೆ, ಅವರಿಗಾಗಿ ತಿರಿಗಿ ಹೋದ ಒಬ್ಬ ಸ್ತ್ರೀಯ ಜೀವಿತವನ್ನು ಈ ಸಾರಿ ನಿಮ್ಮ ಮುಂದಿಡುತ್ತೇವೆ. ಪಂಡಿತಾ ರಮಾಬಾಯಿಯವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಆಕೆಯು ಹುಟ್ಟಿದ್ದು ನಮ್ಮ ಕನ್ನಡ ಸೀಮೆಯ ಕಾಡಿನಲ್ಲೇ ಎಂಬದನ್ನು ಬಲ್ಲವರು ಕಡಿಮೆ.

ಆಕೆಯ ತಂದೆಯು ಅನಂತಶಾಸ್ತ್ರಿ ಡೋಂಗ್ರೆ ಎಂಬ ಚಿತ್ಪಾವನ ಬ್ರಾಹ್ಮಣರು. ಕಾರ್ಕಳ ಸೀಮೆಯ ಮಾಳ ಎಂಬಲ್ಲಿಯ ಮನೆತನದವರು. ಅವರು ಯೌವನದಲ್ಲಿ ಪುಣೆಯಲ್ಲಿ ಸಂಸ್ಕೃತವನ್ನು ಕಲಿಯುತ್ತಿದ್ದಾಗ, ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಪಾಠ ಹೇಳುವದನ್ನು ಕಂಡರು. ಹೆಣ್ಣಿನ ಬಾಯಲ್ಲಿ ಸಂಸ್ಕೃತ ಶ್ಲೋಕವನ್ನು ಕೇಳಿದ ಆ ದಿವಸವೇ, ತಮ್ಮ ಹೆಂಡತಿಗೂ ವಿದ್ಯೆ ಕಲಿಸಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು. ಮೊದಲನೆಯ ಹೆಂಡತಿಗೆ ಕಲಿಸಲಿಕ್ಕೆ ಮನೆಯವರು ಬಿಡಲಿಲ್ಲ. ಆಕೆ ತೀರಿಹೋದ ಮೇಲೆ, ಆ ಕಾಲದ ವಾಡಿಕೆಯಂತೆ, ಲಕ್ಷ್ಮೀಬಾಯಿ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ಲಗ್ನವಾಗಿ ಆಕೆಗೆ ಕಲಿಸತೊಡಗಿದರು. ಹೆಂಗಸಿಗೆ ದೇವಭಾಷೆಯೇ ಎಂದು ಜನರು ತಿರುಗಿಬಿದ್ದರು. ಶಾಸ್ತ್ರಿಗಳು ಶಾಸ್ತ್ರದಿಂದಲೇ ಅವರಿಗೆ ಉತ್ತರ ಕೊಟ್ಟರು. ಆದರೂ ಊರಿನ ಬಾಯಿಗೆ ಬೇಸತ್ತು, ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿಗೆ ಹೋಗಿ, ಅಲ್ಲಿ ಗುಡಿಸಲು ಕಟ್ಟಿ ನೆಲಸಿದರು. ತುಂಗೆಯೂ ಭದ್ರೆಯೂ ಹುಟ್ಟುವ ಆ ಗುಡ್ಡಗಳಲ್ಲಿ 1858ನೇ ಇಸವಿ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದಳು.

ಕೂಸಿಗೆ ಆರು ತಿಂಗಳಾದಾಗ ಆ ಮನೆಯನ್ನೂ ಬಿಡಬೇಕಾಯಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ, ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ಅವರಿಗೆ ದಾರಿಯೇ ಮನೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ ಪುರಾಣಗಳನ್ನು ಓದಿ, ಕೇಳಿದವರು ಕೊಟ್ಟದ್ದರಿಂದ ಜೀವನ ಮಾಡುವರು. ಬೆಳಗಿನ ಜಾವ, ಇನ್ನೂ ಕತ್ತಲೆ ಇರುವಾಗ, ತಾಯಿಯು ಮಗಳನ್ನೆಬ್ಬಿಸಿ ಪಾಠ ಹೇಳುವಳು. ಹೀಗೆ ಶಾಲೆಯ ಮೆಟ್ಟಲನ್ನೇ ತುಳಿಯದ ಹುಡುಗಿಯು ಭಾಗವತದ 18,000 ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಹಿರಿಯ ಮಗಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡಿ ದುಃಖವನ್ನೇ ಕಂಡ ತಂದೆಯು, ಈಕೆಗೆ ಬಾಲ್ಯವಿವಾಹವನ್ನು ಮಾಡಲಿಲ್ಲ.

ಆ ಮೇಲೆ ಕ್ಷಾಮವು ಬಂತು. ಇದ್ದದ್ದೆಲ್ಲಾ ಖರ್ಚಾಯಿತು; ಒಡವೆಯೂ ಹೋಯಿತು, ತಾಮ್ರದ ಪಾತ್ರೆಗಳೂ ಹೋದವು. ಮರ್ಯಾದಸ್ಥರಾದದರಿಂದ ಕೂಲಿಗೆ ಹೋಗುವ ಅಭ್ಯಾಸವಿಲ್ಲ. ಭಿಕ್ಷೆ ಬೇಡಲಿಕ್ಕೆ ನಾಚಿಕೆ. ಕಾಡಿನಲ್ಲಿ ಎಲೆಗಳನ್ನು ತಿಂದು ದಿನ ಕಳೆದರು. 1874ರಲ್ಲಿ ತಂದೆಯು ತೀರಿಕೊಂಡರು; ಸ್ವಲ್ಪ ಕಾಲದಲ್ಲೇ ತಾಯಿಯೂ ಹೋದಳು. ತಾಯಿಯ ಹೆಣವನ್ನು ಹೊರುವದಕ್ಕೆ ನಾಲ್ಕು ಮಂದಿ ಸಿಕ್ಕುವದೇ ಕಷ್ಟವಾಯಿತು. ಇಬ್ಬರು ಬಂದರು, ಮೂರನೆಯವನು ಮಗ ಶ್ರೀನಿವಾಸ, ನಾಲ್ಕನೆಯವಳು ರಮಾಬಾಯಿ. ಆಕೆ ಗಿಡ್ಡಳಾದ್ದರಿಂದ ಚಟ್ಟವು ಹೆಗಲಿನ ಮೇಲೆ ಸಮವಾಗಿ ನಿಲ್ಲಲಿಲ್ಲ. ತನ್ನ ಪಾಲಿನ ಕೊನೆಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನ ವರೆಗೂ ನಡೆದಳು. ಮುಂದೆ ಅಕ್ಕನೂ ಸತ್ತಳು. ಅಣ್ಣತಂಗಿಯರಿಬ್ಬರೇ ಉಳಿದು, ಬರಿಗಾಲಿನಲ್ಲಿ ಸುಮಾರು 4,000 ಮೈಲಿ ದೂರ ಭರತಖಂಡವನ್ನು ಸುತ್ತಿದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ ಚಳಿಯನ್ನು ತಡೆಯಲಾರದೆ, ಮರಳಿನಲ್ಲಿ ಗುಳಿ ತೋಡಿ, ಅದರಲ್ಲಿ ಮಲಗಿ, ಕುತ್ತಿಗೆಯ ವರೆಗೂ ಮರಳನ್ನೇ ಹೊದ್ದುಕೊಂಡು ರಾತ್ರಿ ಕಳೆದರು.

ವಾಚಕರೇ, ಈ ಮರಳಿನ ಗುಳಿಯನ್ನು ನೆನಪಿನಲ್ಲಿಡಿರಿ. ಮುಂದೆ ಆಕೆ ಮಾಡಿದ್ದಕ್ಕೆಲ್ಲಾ ಬೇರು ಇಲ್ಲಿಯೇ ಇದೆ.

1878ರಲ್ಲಿ ಅವರಿಬ್ಬರು ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಯನ್ನು ಪರೀಕ್ಷಿಸಿ ಬೆರಗಾದರು. ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ನಿನ್ನೆಯ ತನಕ ಹಿಡಿ ಅಕ್ಕಿಗೆ ಅಲೆದವಳಿಗೆ ಇಂದು ಸಭೆಗಳಲ್ಲಿ ಆಸನ, ಪತ್ರಿಕೆಗಳಲ್ಲಿ ಹೊಗಳಿಕೆ. ಆದರೆ ಸುಖವು ನಿಲ್ಲಲಿಲ್ಲ. 1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಆಕೆಯು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಲಗ್ನವಾದಳು, ಅವರು ಶೂದ್ರರು. 1881ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋದನು. ಇಪ್ಪತ್ತಮೂರು ವರ್ಷಕ್ಕೇ ಆಕೆ ಕೈಕೂಸಿನೊಂದಿಗೆ ವಿಧವೆಯಾದಳು.

ಆ ಕಾಲದಲ್ಲಿ ಮೇಲ್ಜಾತಿಯ ವಿಧವೆಯೆಂದರೆ ಏನೆಂಬದು ನಮ್ಮ ಹಿರಿಯರಿಗೆ ಗೊತ್ತಿತ್ತು: ತಲೆ ಬೋಳಿಸುವದು, ದಿವಸಕ್ಕೆ ಒಂದೇ ಊಟ, ಮುಂಜಾನೆ ಮುಖ ಕಂಡರೆ ಅಪಶಕುನ. ಗಂಡನ ಮುಖವನ್ನೇ ಸರಿಯಾಗಿ ಕಾಣದ ಎಳೆಯ ಹುಡುಗಿಯರಿಗೂ ಇದೇ ಗತಿ. ರಮಾಬಾಯಿಗೆ ವಿದ್ಯೆ ಇತ್ತು. ಆ ವಿದ್ಯೆಯೇ ಆಕೆಯನ್ನು ಎತ್ತಿ ನಿಲ್ಲಿಸಿತು. ಅದು ಇಲ್ಲದ ಹುಡುಗಿಯರ ಗತಿಯೇನೆಂಬ ಚಿಂತೆಯು ಆಕೆಯನ್ನು ಹಿಡಿಯಿತು. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ಅದೇ ವರ್ಷ ಸರಕಾರದ ಹಂಟರ್ ಕಮಿಷನಿನ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಹೆಂಗಸು ವೈದ್ಯರೂ ಬೇಕೆಂದು ಸಾಕ್ಷಿ ಹೇಳಿದಳು.

ತಾನೇ ವೈದ್ಯಳಾಗಬೇಕೆಂದು 1883ರಲ್ಲಿ ಕೂಸನ್ನು ಕರಕೊಂಡು ಇಂಗ್ಲೆಂಡಿಗೆ ಹೋದಳು. ಆದರೆ ಕಿವಿಯು ಮಂದವಾಗುತ್ತಾ ಬಂದು, ಆ ಬಾಗಿಲು ಮುಚ್ಚಿತು. ಅಸ್ಸಾಮಿನಲ್ಲಿದ್ದಾಗಲೇ ಲೂಕನ ಸುವಾರ್ತೆಯ ಒಂದು ಪ್ರತಿಯನ್ನು ಆಕೆ ಮನೆಯಲ್ಲಿ ಕಂಡು ಓದಿದ್ದುಂಟು. ಇಂಗ್ಲೆಂಡಿನಲ್ಲಿ, ದಾರಿ ತಪ್ಪಿದ ಹೆಂಗಸರನ್ನು ಕೆಲವು ಸಹೋದರಿಯರು ತಮ್ಮ ಮನೆಯಲ್ಲಿಟ್ಟು ಪ್ರೀತಿಯಿಂದ ಸಾಕುವದನ್ನು ಕಣ್ಣಾರೆ ಕಂಡಳು. ಲೋಕವು ತಳ್ಳಿಬಿಟ್ಟವರನ್ನು ಇವರು ಯಾಕೆ ಎತ್ತುತ್ತಾರೆಂದು ವಿಚಾರಿಸಿದಳು. ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿ ಅದಕ್ಕೆ ಉತ್ತರ ಕಂಡುಕೊಂಡಳು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು. ದೀಕ್ಷೆ ಹೊಂದಿದಳೆಂದು ಆಕೆ ತನ್ನ ವಿಚಾರಶಕ್ತಿಯನ್ನು ಪರರ ಕೈಗೆ ಕೊಡಲಿಲ್ಲ. ತನಗೆ ತಿಳಿಯದ್ದನ್ನು ಗುರುಗಳು ಹೇಳಿದರೂ ಸುಮ್ಮನೆ ಒಪ್ಪಲಿಲ್ಲ. ತನ್ನ ಸೀರೆಯನ್ನೂ ಶಾಕಾಹಾರವನ್ನೂ ಬಿಡಲಿಲ್ಲ.

1886ರಲ್ಲಿ ಅಮೇರಿಕಕ್ಕೆ ಹೋದಳು. ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಹೊಂದುವ ದಿವಸ ಅಲ್ಲಿದ್ದಳು. ನಮ್ಮ ದೇಶದ ಮೇಲ್ಜಾತಿಯ ಹೆಂಗಸರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಳು. ಊರೂರು ತಿರುಗಿ ಮಾತಾಡಿದಳು. ಬೋಸ್ಟನಿನಲ್ಲಿ 1887ರಲ್ಲಿ ಒಂದು ಸಂಘವು ಏರ್ಪಟ್ಟು, ಹತ್ತು ವರ್ಷಗಳ ತನಕ ವಿಧವೆಯರ ಶಾಲೆಗೆ ಸಹಾಯ ಮಾಡುವದಾಗಿ ಒಪ್ಪಿತು. 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. ಆರಂಭದ ಶಿಷ್ಯೆಯರಲ್ಲಿ ಒಬ್ಬಳಾದ ಗೋದೂಬಾಯಿ ಎಂಬ ಬಾಲವಿಧವೆಯು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಲಗ್ನವಾದಳು. ಇದೇ ಕರ್ವೆಯವರು ಮುಂದೆ 1916ರಲ್ಲಿ ಸ್ತ್ರೀಯರಿಗಾಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು.

ಆದರೆ 1893ರಲ್ಲಿಯೇ ಸದನಕ್ಕೆ ದೊಡ್ಡ ಬಿರುಗಾಳಿ ಬಂತು. ರಮಾಬಾಯಿ ತನ್ನ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುತ್ತಿದ್ದಳು. ಕೆಲವು ಹುಡುಗಿಯರು ತಾವಾಗಿ ಬಂದು ಕೂಡ್ರುತ್ತಿದ್ದರು. ಮತದ ವಿಷಯದಲ್ಲಿ ಸದನವು ಯಾವ ಪಕ್ಷವನ್ನೂ ಹಿಡಿಯಲಾರದೆಂಬ ನಂಬಿಕೆಯಿಂದ ಮಕ್ಕಳನ್ನು ಕಳುಹಿಸಿದ್ದ ಹೆತ್ತವರಿಗೆ ಇದು ಸರಿಕಾಣಲಿಲ್ಲ. ರಾನಡೆ, ಭಂಡಾರಕರರಂಥ ಯೋಗ್ಯ ಪುರುಷರೂ ಸದನದ ಕಮಿಟಿಯನ್ನು ಬಿಟ್ಟರು. ಎಷ್ಟೋ ಹುಡುಗಿಯರನ್ನು ಮನೆಗೆ ಕರಕೊಂಡು ಹೋದರು. ಹೆತ್ತವರ ಅಂಜಿಕೆಗೂ ಕಾರಣವಿತ್ತು. ತನ್ನ ಕೋಣೆಯಲ್ಲಿ ತಾನು ಪ್ರಾರ್ಥಿಸುವದಕ್ಕೆ ಬಾಗಿಲು ಯಾಕೆ ಮುಚ್ಚಬೇಕೆಂದ ಆಕೆಗೂ ಕಾರಣವಿತ್ತು. ಆಕೆಯು ಯಾರನ್ನೂ ಬೈಯಲಿಲ್ಲ. ಉಳಿದವರನ್ನು ಕೂಡಿಸಿಕೊಂಡು ಮಾರನೆಯ ದಿವಸ ಪಾಠವನ್ನು ಮುಂದರಿಸಿದಳು.

ಅಮೇರಿಕದ ಸಹಾಯವು ಹತ್ತು ವರ್ಷಕ್ಕೆ ಮಾತ್ರವೆಂಬದನ್ನು ಆಕೆ ಮರೆತಿರಲಿಲ್ಲ. ಆದದರಿಂದ ಪುಣೆಯ ಪೂರ್ವದಲ್ಲಿ ರೈಲುದಾರಿಯ ಮೇಲಿರುವ ಕೇಡಗಾಂವದಲ್ಲಿ ಮೊದಲೇ ಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದ್ದಳು.

ಅಷ್ಟರಲ್ಲಿ 1896ರ ಕ್ಷಾಮವು ಬಂತು. ಮಧ್ಯ ಪ್ರಾಂತದಲ್ಲಿ ಜನರು ಸಾಯುತ್ತಾರೆ, ಗತಿಯಿಲ್ಲದ ಹುಡುಗಿಯರನ್ನು ದುಷ್ಟರು ಸಾಗಿಸುತ್ತಾರೆ ಎಂಬ ಸುದ್ದಿಯು ಮುಟ್ಟಿತು. ಆಕೆಗೆ ಆಗ ಪುಣೆಯಲ್ಲಿ ಮನೆಯೂ ಹೆಸರೂ ಇದ್ದವು. ಸಾಕಬೇಕಾದ ಹುಡುಗಿಯರೂ ಸಾಕಷ್ಟು ಮಂದಿ ಇದ್ದರು. ಸುಮ್ಮನಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಕಾಡಿನ ಎಲೆಯ ರುಚಿಯು ಇಪ್ಪತ್ತೆರಡು ವರ್ಷಗಳಾದರೂ ಆಕೆಯ ನಾಲಿಗೆಯಿಂದ ಹೋಗಿರಲಿಲ್ಲ. ತಾನೇ ಹೊರಟು ಹೋದಳು. ಗಂಜಿಕೇಂದ್ರಗಳಲ್ಲಿ ಎಲುಬುಗೂಡಾಗಿ ಕೂತ ಹುಡುಗಿಯರನ್ನು ಕಂಡಳು; ತನ್ನನ್ನೇ ಕಂಡಂತಾಯಿತು. ಸುಮಾರು 300 ಮಂದಿಯನ್ನು ಕರತಂದಳು. ಪುಣೆಯಲ್ಲಿ ಪ್ಲೇಗು ಹರಡಿದ್ದರಿಂದ ಅಲ್ಲಿ ಇಡುವದಕ್ಕೆ ಅನುಕೂಲವಿರಲಿಲ್ಲ. ಕೇಡಗಾಂವದ ಹೊಲದಲ್ಲಿ ಡೇರೆಗಳನ್ನೂ ಚಪ್ಪರಗಳನ್ನೂ ಹಾಕಿ ಇರಿಸಿದಳು. ಮುಕ್ತಿ ಎಂಬ ಹೆಸರು ಹೊಂದಿದ ಊರು ಹೀಗೆ ಹುಟ್ಟಿತು. 1900ರಲ್ಲಿ ಗುಜರಾತಿನಲ್ಲಿ ಬರಗಾಲವಾದಾಗ ಮತ್ತೆ ಜನರನ್ನು ಕಳುಹಿಸಿ ಕರತರಿಸಿದಳು. ಮುಕ್ತಿಯಲ್ಲಿದ್ದವರ ಲೆಕ್ಕವು ಒಂದೂವರೆ ಸಾವಿರವನ್ನು ಮೀರಿತು.

ಅವರಿಗೆ ಆಕೆಯು ಬರೇ ಅನ್ನವನ್ನಿಕ್ಕಲಿಲ್ಲ. ಓದುಬರಹದೊಂದಿಗೆ ನೇಯುವದು, ಹೊಲಿಯುವದು, ಗಾಣ ಆಡಿಸುವದು, ಹೈನು, ಬೇಸಾಯ, ಅಚ್ಚಿನ ಮೊಳೆ ಜೋಡಿಸುವದು, ಇವುಗಳನ್ನೆಲ್ಲಾ ಹೆಂಗಸರೇ ಕಲಿತು ಮಾಡಿದರು. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಅಕ್ಷರವನ್ನು ಕಲಿಸುವ ಏರ್ಪಾಡಾಯಿತು. ಕೆಟ್ಟವಳೆಂದು ಊರು ತಳ್ಳಿದವಳಿಗೆ ಕೃಪಾ ಸದನವೆಂಬ ಬೇರೆ ಮನೆಯಿತ್ತು. ನಮ್ಮ ಕಲಬುರಗಿಯಲ್ಲಿಯೂ 1912ರಲ್ಲಿ ಒಂದು ಶಾಲೆಯನ್ನು ತೆರೆದು, ಅದರ ಭಾರವನ್ನು ಮಗಳಾದ ಮನೋರಮಾಬಾಯಿಗೆ ಒಪ್ಪಿಸಿದಳು.

ಕಡೆಯ ವರ್ಷಗಳಲ್ಲಿ ಆಕೆಯು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಿರುಗಿಸಿದಳು. ಭಾಗವತವನ್ನೆಲ್ಲಾ ಬಾಯಲ್ಲಿಟ್ಟುಕೊಂಡಿದ್ದ ಪಂಡಿತೆಯು ಸಂಸ್ಕೃತದ ದೊಡ್ಡ ಮಾತುಗಳನ್ನು ಬೇಕೆಂದೇ ಬಿಟ್ಟು, ಬೀಸುವ ಕುಟ್ಟುವ ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತುಗಳನ್ನು ಹುಡುಕಿದಳು. ಆ ವಿದ್ಯೆಯ ಹಿರಿಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರಲ್ಲಿ, ತನ್ನ ಕೆಲಸವನ್ನು ಮುಂದರಿಸುವಳೆಂದಿದ್ದ ಒಬ್ಬಳೇ ಮಗಳು ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕಡೆಗೆ ಮಗಳು, ಹೀಗೆ ಎಲ್ಲರನ್ನೂ ಕಳುಹಿಸಿಕೊಟ್ಟ ರಮಾಬಾಯಿ 1922ನೇ ಏಪ್ರಿಲ್ 5ರಂದು ಕೇಡಗಾಂವದಲ್ಲಿ ವಿಶ್ರಾಂತಿಯನ್ನು ಹೊಂದಿದಳು. ಆಕೆಯ ಸತ್ಯವೇದವು ಮರಣಾನಂತರ ಪೂರ್ತಿಯಾಗಿ ಪ್ರಕಟವಾಯಿತು. 1989ರಲ್ಲಿ ಭಾರತ ಸರಕಾರವು ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಮುಕ್ತಿಯು ಇಂದಿಗೂ ನಡೆಯುತ್ತಿದೆ.

ಪ್ರಿಯರೇ, ಇಂಥವರ ಜೀವಿತವನ್ನು ಓದಿ ಪುಸ್ತಕವನ್ನು ಮಡಿಚಿಟ್ಟರೆ ಫಲವಿಲ್ಲ. ಇದನ್ನೋದುವ ನಮ್ಮಲ್ಲಿ ಬಹಳ ಮಂದಿ ಹಸಿದವರ ಮಕ್ಕಳು, ಇಲ್ಲವೆ ಮೊಮ್ಮಕ್ಕಳು. ನಮ್ಮ ಹಿರಿಯರಿಗೆ ಅಕ್ಷರ ಕಲಿಸಿದವರು ಯಾರೋ, ಬರಗಾಲದಲ್ಲಿ ಗಂಜಿ ಹೊಯ್ದವರು ಯಾರೋ. ಇಂದು ಒಬ್ಬನ ಮಗ ಉಪಾಧ್ಯಾಯ, ಒಬ್ಬನ ಮಗಳು ದಾದಿ. ಇದು ಸಂತೋಷ. ಆದರೆ ಕಷ್ಟ ತೀರಿದವನಿಗೆ ಎರಡು ದಾರಿಗಳುಂಟು. ತಾನು ಬಂದ ಕೇರಿಯನ್ನು ಕಂಡರೆ ನಾಚಿ ಮುಖ ತಿರುಗಿಸುವದು ಒಂದು. ಆ ಕೇರಿಯ ದಾರಿ ತನಗೆ ಗೊತ್ತೆಂದು ಮೊದಲು ಅಲ್ಲಿಗೇ ಓಡುವದು ಇನ್ನೊಂದು. ರಮಾಬಾಯಿಯು ಎರಡನೆಯದನ್ನು ಹಿಡಿದಳು. ಹಸಿವು ಆಕೆಗೆ ಗಾಯವಾಗಿ ಉಳಿಯಲಿಲ್ಲ. ಹಸಿದವರ ಮನೆಯನ್ನು ತೋರಿಸುವ ದೀಪವಾಯಿತು.

ಇನ್ನೊಂದು ಮಾತು. ಈ ದೀಪವನ್ನು ಮೊದಲು ಹಚ್ಚಿದವರು ಊರಿನ ಬೈಗಳನ್ನು ತಾಳಿ ಹೆಂಡತಿಗೂ ಮಗಳಿಗೂ ಅಕ್ಷರ ಕಲಿಸಿದ ಆ ತಂದೆ. ಆತನು ಮಗಳಿಗೆ ಹೊಲ ಬಿಡಲಿಲ್ಲ, ಮನೆ ಬಿಡಲಿಲ್ಲ, ಒಡವೆ ಬಿಡಲಿಲ್ಲ. ಆತನು ಬಿಟ್ಟುಹೋದ ವಿದ್ಯೆಯೊಂದೇ ಕಳ್ಳರಿಗೂ ಕ್ಷಾಮಕ್ಕೂ ಸಿಕ್ಕದೆ ಉಳಿದು, ಕಡೆಗೆ ಸಾವಿರ ಮಂದಿಗೆ ಅನ್ನವಾಯಿತು. ಮಗಳನ್ನು ಶಾಲೆ ಬಿಡಿಸಿ ಬೇಗ ಮದುವೆ ಮಾಡಬೇಕೆಂದು ಲೆಕ್ಕ ಹಾಕುವ ತಂದೆತಾಯಿಗಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರು ಗಂಗಾಮೂಲದ ಆ ಗುಡಿಸಲನ್ನು ಒಂದು ಕ್ಷಣ ನೆನಸಲಿ. ಈ ಸಂಚಿಕೆಯನ್ನು ಓದಿ ಮುಗಿಸಿದವರು, ಓದಬಾರದ ನೆರೆಯವರ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಅಲ್ಲಿ ಶಾಲೆ ಬಿಟ್ಟ ಹುಡುಗಿ ಇದ್ದರೆ, ಬರುವ ಸೋಮವಾರ ಆಕೆಯ ಕೈಹಿಡಿದು ಶಾಲೆಯ ಬಾಗಿಲ ವರೆಗೆ ಹೋಗಿ ಬರಲಿ.