ಸಮುದ್ರದ ತಳದ ಬೂದಿ ನೋಡಿದ ಜಾನ್ ಮರ್ರೆ

ಜಾನ್ ಮರ್ರೆಯವರು 1841ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಸ್ಕಾಟ್ಲೆಂಡಿನಲ್ಲಿ ಓದಿದರು, ಆದರೆ ಪದವಿ ಪಡೆಯಲಿಲ್ಲ. 1872ರಲ್ಲಿ ಇಂಗ್ಲೆಂಡಿನಿಂದ ಹೊರಟ ಚಾಲೆಂಜರ್ ಹಡಗಿನಲ್ಲಿ ಮೂರೂವರೆ ವರ್ಷ ಸುತ್ತಿದರು. ಉದ್ದನೆಯ ಹಗ್ಗ ಇಳಿಸಿ ಸಮುದ್ರದ ತಳದ ಕೆಸರು ಎತ್ತುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಗಾಜಿನ ಚೂರುಗಳಿದ್ದವು! ನಡುಸಮುದ್ರಕ್ಕೆ ಗಾಜು ಎಲ್ಲಿಂದ ಬಂತು? ಜ್ವಾಲಾಮುಖಿ ಸಿಡಿದಾಗ ಬೂದಿ ಗಾಳಿಯಲ್ಲಿ ಬಹಳ ದೂರ ಹಾರಿ ಸಮುದ್ರದ ತಳ ಸೇರುತ್ತದೆ ಅಂತ ಮರ್ರೆ ಮತ್ತು ಬೆಲ್ಜಿಯಂನ ರೆನಾರ್ 1884ರಲ್ಲಿ ತಿಳಿಸಿದರು. ತಂಡದ ಮುಖ್ಯಸ್ಥರು 1882ರಲ್ಲೇ ತೀರಿಕೊಂಡಿದ್ದರು. ಆದರೂ ಮರ್ರೆಯವರು ಕೆಲಸ ಬಿಡದೆ 50 ಸಂಪುಟಗಳ ವರದಿಯನ್ನು 1895ರಲ್ಲಿ ಮುಗಿಸಿದರು. 1914ರಲ್ಲಿ ನಿಧನರಾದರು. ಈಗ ವಿಜ್ಞಾನಿಗಳು ಆ ಗಾಜನ್ನು ಪರೀಕ್ಷಿಸಿ ಬೂದಿ ಯಾವ ಜ್ವಾಲಾಮುಖಿಯದು ಅಂತ ಹೇಳುತ್ತಾರೆ. ನಮ್ಮ ಬಂಗಾಳ ಕೊಲ್ಲಿಯ ತಳದಲ್ಲೂ ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಬೂದಿ ಸಿಕ್ಕಿದೆ.