ಲೇಖನಿಯನ್ನು ಬದಿಗಿರಿಸಿದ ಜ್ಞಾನಿ: ಸರ್ ಬ್ರಜೇಂದ್ರನಾಥ ಸೀಲ್

ನಮ್ಮ ಗುಡಗೇರಿ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೂರದ ಬಂಗಾಲದ ತತ್ತ್ವಜ್ಞಾನಿಯೊಬ್ಬರನ್ನು ನೆನೆಯುವುದೇಕೆಂದು ಪ್ರಿಯ ವಾಚಕರು ಕೇಳಬಹುದು. ಅನ್ಯರು ಬೆಳೆಸಿದ ಮರದ ನೆರಳಿನಲ್ಲಿ ಕುಳಿತವರು ಬೆಳೆಸಿದವರನ್ನು ಸ್ಮರಿಸುವುದು ಧರ್ಮ. ಕನ್ನಡ ನಾಡಿನ ಉಚ್ಚ ಶಿಕ್ಷಣವೆಂಬ ಮರಕ್ಕೆ ನೀರೆರೆದವರಲ್ಲಿ ಸರ್ ಬ್ರಜೇಂದ್ರನಾಥ ಸೀಲರೂ ಒಬ್ಬರು.

1864ರ ಸೆಪ್ಟೆಂಬರ್ 3ರಂದು ಕಲಕತ್ತೆಯಲ್ಲಿ ಜನ್ಮವೆತ್ತಿದ ಸೀಲರು ಸ್ಕಾಟ್ಲೆಂಡಿನ ಮಿಶನರಿಗಳು ನಡೆಸುತ್ತಿದ್ದ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮುಂದೆ ಸ್ವಾಮಿ ವಿವೇಕಾನಂದರೆನಿಸಿದ ನರೇಂದ್ರನಾಥರು ಅಲ್ಲಿ ಅವರ ಮಿತ್ರರಾಗಿದ್ದರು. 1896ರಿಂದ ಕೂಚ್ ಬಿಹಾರದ ವಿಕ್ಟೋರಿಯಾ ಕಾಲೇಜಿನ ಪ್ರಾಂಶುಪಾಲರಾಗಿ, ಅನಂತರ ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಐದನೆಯ ಜಾರ್ಜ್ ಹೆಸರಿನ ತತ್ತ್ವಶಾಸ್ತ್ರ ಪೀಠದ ಪ್ರಾಧ್ಯಾಪಕರಾಗಿ ಅವರು ಕೀರ್ತಿ ಪಡೆದರು.

ಕಥೋಲಿಕರಾದ ನಮಗೆ ವಿಶೇಷವೆನಿಸುವ ಸಂಗತಿಯೊಂದುಂಟು. 1899ರಲ್ಲಿ ರೋಮ್ ನಗರದಲ್ಲಿ ನಡೆದ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ ಸೀಲರು ಹೋಗಿದ್ದರು. ವೈಷ್ಣವ ಮತ್ತು ಕ್ರೈಸ್ತ ಧರ್ಮಗಳನ್ನು ತುಲನೆ ಮಾಡಿದ ಅವರ ಗ್ರಂಥ ಪ್ರಕಟವಾದುದೂ ಅದೇ ವರ್ಷ. ಒಂದು ಧರ್ಮವನ್ನು ಮೇಲಕ್ಕೇರಿಸಿ ಇನ್ನೊಂದನ್ನು ಕೆಳಗಿಳಿಸುವುದು ತುಲನೆಯಲ್ಲ, ಸಮಾನ ಗೌರವದಿಂದ ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಬೇಕು ಎಂಬುದು ಅವರ ನಿಲುವು. ಪರಧರ್ಮವನ್ನು ಆದರದಿಂದ ಅರಿಯಲೆತ್ನಿಸಿದ ಈ ಮನೋಧರ್ಮ ನಮಗೂ ಅನುಕರಣೀಯವಾದುದು.

ಕನ್ನಡ ನಾಡಿನ ಪ್ರಥಮ ವಿಶ್ವವಿದ್ಯಾನಿಲಯವು 1916ರಲ್ಲಿ ಮೈಸೂರಿನಲ್ಲಿ ಆರಂಭವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸೀಲರು ಅದರ ಉಪಕುಲಪತಿಗಳಾಗಿ ಬಂದರು. ಅವರು ತೆರವುಗೊಳಿಸಿದ ಕಲಕತ್ತೆಯ ಪೀಠವನ್ನು 1921ರಲ್ಲಿ ಅಲಂಕರಿಸಿದವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಡಾ. ರಾಧಾಕೃಷ್ಣನ್ನರು! ಹೀಗೆ ಮೈಸೂರು ಒಬ್ಬ ತತ್ತ್ವಜ್ಞಾನಿಯನ್ನು ಕೊಟ್ಟು ಮತ್ತೊಬ್ಬರನ್ನು ಪಡೆಯಿತು.

ಸೀಲರ ಅಧಿಕಾರಾವಧಿಯಲ್ಲಿ, 1924ರಲ್ಲಿ, ವೈದ್ಯಕೀಯ ಕಾಲೇಜು ಆರಂಭವಾಯಿತು. 1927ರಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರು. ಅವರೂ ಮುಂದೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಆಗ ನಮ್ಮ ಧಾರವಾಡ ಸೀಮೆಯ ಕಾಲೇಜು ದೂರದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ತಾಯ್ನುಡಿಯಲ್ಲಿಯೂ ಅತ್ಯುಚ್ಚ ಪದವಿ ಸಾಧ್ಯವೆಂಬ ಧೈರ್ಯವನ್ನು ಮೈಸೂರು ಕನ್ನಡಿಗರೆಲ್ಲರಿಗೂ ನೀಡಿತು. ಮೈಸೂರು ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೂ ಸೀಲರೇ ಅಧ್ಯಕ್ಷರಾಗಿದ್ದರು. 1926ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ಆದರೆ ಈ ಸೇವೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಗಣಿತದಿಂದ ಕಾವ್ಯದವರೆಗೆ ಹರಡಿದ್ದ ಅವರ ಪಾಂಡಿತ್ಯದ ಎದುರು ಅವರ ಗ್ರಂಥಗಳು ತೀರ ಕಡಿಮೆ. ಸ್ವಂತ ಬರವಣಿಗೆಗೆ ಸಲ್ಲಬೇಕಾಗಿದ್ದ ವರ್ಷಗಳು ಕಡತಗಳಲ್ಲಿ, ಸಭೆಗಳಲ್ಲಿ, ಅನ್ಯರ ಮಕ್ಕಳ ವಿದ್ಯೆಗಾಗಿ ಕಳೆದವು. ಇದನ್ನು ನಷ್ಟವೆನ್ನೋಣವೇ? ವಿದ್ವಲ್ಲೋಕಕ್ಕೆ ಅದು ನಷ್ಟವೇ ಸರಿ. ಆದರೆ ನೆಲದಲ್ಲಿ ಬಿದ್ದ ಕಾಳು ತಾನು ಉಳಿಯುವುದಿಲ್ಲ, ತೆನೆಯಾಗುತ್ತದೆ ಎಂಬುದನ್ನು ಎರೆ ಹೊಲದ ಮಕ್ಕಳಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.

1930ರಲ್ಲಿ ಮೈಸೂರಿನಿಂದ ನಿವೃತ್ತರಾದ ಸೀಲರು 1938ರ ಡಿಸೆಂಬರ್ 3ರಂದು ಕಲಕತ್ತೆಯಲ್ಲಿ ನಿಧನರಾದರು. ಅಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಪ್ಯಾರಿಸ್ಸಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದ ಆ ಸಂತರೂ ಆಚಾರ್ಯ ಪೀಠವನ್ನು ತೊರೆದು ದೂರದ ಜನರ ಬಳಿಗೆ ಬಂದವರು. ಪ್ರತಿ ವರ್ಷ ಆ ಹಬ್ಬದಂದು ನಮ್ಮ ಮಕ್ಕಳ ವಿದ್ಯೆಗಾಗಿ ಪ್ರಾರ್ಥಿಸುವಾಗ, ಈ ಬಂಗಾಲಿ ಗುರುವನ್ನೂ ಕೃತಜ್ಞತೆಯಿಂದ ನೆನೆಯೋಣ.