ಚಂದ್ರಶೇಖರ ವೆಂಕಟ ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (7 ನವೆಂಬರ್ 1888 – 21 ನವೆಂಬರ್ 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರುವಿಕೆಯ ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅವರ ಹೆಸರನ್ನು ಹೊತ್ತ ರಾಮನ್ ಪರಿಣಾಮವು ಇಂದು ನ್ಯಾನೋ ಕಣಗಳ ಸ್ಫಟಿಕರಚನೆಯನ್ನೂ ಗಾತ್ರವನ್ನೂ ಅರಿಯಲು ಬಳಕೆಯಲ್ಲಿದೆ.

ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋಗಿ, ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸಿದರು. 1917ರಲ್ಲಿ ಆ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ವಸ್ತುವಿನಿಂದ ಚದುರಿದ ಬೆಳಕಿನ ಅಲ್ಪಭಾಗದ ಬಣ್ಣ ಬದಲಾಗುವುದನ್ನು 1928ರ ಫೆಬ್ರವರಿಯಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ಕಂಡುಹಿಡಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು.

ಬಾರ್ನ್ ಅವರೊಡನೆ ವಿವಾದ

ನಾಜಿ ಆಡಳಿತದಿಂದಾಗಿ ಜರ್ಮನಿಯನ್ನು ತೊರೆದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಅವರಿಗೆ ಖಾಯಂ ಹುದ್ದೆ ಕೊಡಿಸುವ ಯತ್ನ ಕೈಗೂಡಲಿಲ್ಲ. ಆಡಳಿತ ಮಂಡಳಿಯೊಡನೆ ಭಿನ್ನಾಭಿಪ್ರಾಯ ಬೆಳೆದು, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು.

1940ರ ದಶಕದಲ್ಲಿ ಇಬ್ಬರೂ ಎದುರಾಳಿಗಳಾದರು. ಹರಳಿನ ಪರಮಾಣುಗಳು ಕೆಲವೇ ನಿರ್ದಿಷ್ಟ ಆವೃತ್ತಿಗಳಲ್ಲಿ ಕಂಪಿಸುತ್ತವೆ ಎಂಬುದು ರಾಮನ್ ಅವರ ವಾದ. ಆವೃತ್ತಿಗಳು ಎಡೆಬಿಡದೆ ಹರಡಿರುತ್ತವೆ ಎಂಬುದು ಬಾರ್ನ್ ಅವರ ಸಿದ್ಧಾಂತ. ಮುಂದಿನ ಪ್ರಯೋಗಗಳು ಬಾರ್ನ್ ಸಿದ್ಧಾಂತವನ್ನು ಸಮರ್ಥಿಸಿದವು. ರಾಮನ್ ತಮ್ಮ ನಿಲುವನ್ನು ಬದಲಿಸಲಿಲ್ಲ. ತಾವೇ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ಸಂಶೋಧನೆಯಲ್ಲಿ ತೊಡಗಿದ್ದರು. 1954ರಲ್ಲಿ ಭಾರತ ರತ್ನ ಪ್ರಶಸ್ತಿ ಪಡೆದರು.

ನ್ಯಾನೋ ಕಣಗಳ ಅಧ್ಯಯನದಲ್ಲಿ

ಟೈಟಾನಿಯಂ ಡೈಆಕ್ಸೈಡ್ ಒಂದು ದ್ಯುತಿವೇಗವರ್ಧಕ. ನೇರಳಾತೀತ ಬೆಳಕು ಬಿದ್ದಾಗ ಇದು ನೀರಿನಲ್ಲಿರುವ ಸಾವಯವ ಕಲ್ಮಶಗಳನ್ನು ವಿಘಟಿಸುತ್ತದೆ. ಇದರ ಸಾಮರ್ಥ್ಯವು ಸ್ಫಟಿಕರಚನೆಯನ್ನೂ ಕಣಗಳ ಗಾತ್ರವನ್ನೂ ಅವಲಂಬಿಸಿದೆ. ಇದರ ಅನಟೇಸ್ ರೂಪವು ರಾಮನ್ ರೋಹಿತದಲ್ಲಿ ಪ್ರತಿ ಸೆಂಟಿಮೀಟರಿಗೆ 144ರ ಸುಮಾರಿನಲ್ಲಿ ಪ್ರಬಲ ರೇಖೆಯನ್ನು ಕೊಡುತ್ತದೆ. ಹರಳು ಸುವ್ಯವಸ್ಥಿತವಾಗಿದ್ದರೆ ರೇಖೆ ಕಿರಿದಾಗಿರುತ್ತದೆ. ಪರಮಾಣುಗಳು ಕ್ರಮತಪ್ಪಿದ್ದರೆ ಅಗಲವಾದ ಉಬ್ಬು ಮಾತ್ರ ಕಾಣುತ್ತದೆ. ಕಣಗಳು ಕೆಲವೇ ನ್ಯಾನೋಮೀಟರುಗಳಿಗೆ ಇಳಿದಾಗ ರೇಖೆ ಅಗಲವಾಗಿ, ಹೆಚ್ಚಿನ ಸಂಖ್ಯೆಯ ಕಡೆಗೆ ಸರಿಯುತ್ತದೆ. ಈ ಬದಲಾವಣೆಯಿಂದ ಗಾತ್ರವನ್ನು ಅಂದಾಜು ಮಾಡಿ, ಕ್ಷ-ಕಿರಣ ವಿವರ್ತನೆಯ ಫಲಿತಾಂಶದೊಡನೆ ತಾಳೆ ನೋಡಲಾಗುತ್ತದೆ. ಆದರೆ ಕ್ರಮತಪ್ಪಿದ ರಚನೆ ಮತ್ತು ಆಮ್ಲಜನಕದ ಕೊರತೆಯಿಂದಲೂ ರೇಖೆ ಬದಲಾಗುವುದರಿಂದ, ಇದೊಂದೇ ಅಳತೆ ಸಾಲದು.

ಕಣ ಕಿರಿದಾದಷ್ಟೂ ರೇಖೆ ಹೀಗೆ ಹಿಗ್ಗುವುದಕ್ಕೆ ಕಾರಣ, ಎಡೆಬಿಡದೆ ಹರಡಿದ ಕಂಪನಗಳಲ್ಲಿ ಹೆಚ್ಚಿನವು ಚದುರುವಿಕೆಯಲ್ಲಿ ಪಾಲ್ಗೊಳ್ಳುವುದು. ಹೀಗಾಗಿ ವಿಧಾನವು ರಾಮನ್ ಅವರದಾದರೂ, ಅದರ ವಿವರಣೆಯು ಅವರು ಒಪ್ಪದಿದ್ದ ಬಾರ್ನ್ ಸಿದ್ಧಾಂತವನ್ನೇ ಆಧರಿಸಿದೆ.